ಹಲ್ಲು ಬಿದ್ದ ಸುದ್ದಿ

ಸಂಜೆ ಎಕ್ಕಂಬಿಯಲ್ಲಿ ಬಸ್ಸಿಳಿಯುವಾಗ ರಾಶಿ ಮಳೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಬಂತು ಅಂತ ಯಾರೂ ಹೇಳುವುದಿಲ್ಲ. ಮನೆಯಲ್ಲೊಬ್ಬರು ಹಿರಿಯರು ಇದ್ದ ಹಾಗೆ ಮಳೆ ಇರುತ್ತದೆ, ಅಷ್ಟೆ. ಅವತ್ತು ಗಾಳಿಯೂ ಜೊತೆಗಿತ್ತು. ಹತ್ತು ಹೆಜ್ಜೆ ಹಾಕುವುದರೊಳಗೆ ಛತ್ರಿ ಬೋರಲು ಬಿಚ್ಚಿಕೊಂಡು ಒಂದು ಕಡ್ಡಿ ಲಟಕ್ಕನೆ ಮುರಿಯಿತು. ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಸೆರಗು ತಲೆಗೆಳೆದುಕೊಂಡು ಎದುರುಮನೆ ಅಜ್ಜಿಯ ಜಗಲಿ ಮುಟ್ಟುವಾಗ ಆರೂವರೆ ದಾಟಿತ್ತು.

ಅಂದು ಶಾಲೆಗೆ ರಜೆ. ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಆದೇಶ ಬಂದಿತ್ತು: ರೆಡ್ ಅಲರ್ಟ್ ಇರುವುದರಿಂದ ನಾಳೆ ಅಂಗನವಾಡಿಗೂ ಶಾಲೆಗೂ ರಜೆ. ಮಕ್ಕಳಿಬ್ಬರೂ ಹಾಸಿದ ಚಾಪೆಯ ಮೇಲೆ ಕುಣಿದರು. ನಾನು ಲೆಕ್ಕ ಹಾಕತೊಡಗಿದೆ. ಬೆಳಗಿನ ಬಸ್ಸಿನಿಂದ ಸಂಜೆಯ ಬಸ್ಸಿನವರೆಗೆ ಹತ್ತು ತಾಸು. ಅಷ್ಟು ಹೊತ್ತು ಇಬ್ಬರು ಮಕ್ಕಳು ಎಲ್ಲಿ? ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಷ್ಟು ಎಂದು ಯಾರ್ಯಾರದೋ ತೋಟದ ವರ್ಷದ ದುಡಿಮೆಯನ್ನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಮಳೆ ಬಂತೆಂದು ಅಂಗಡಿ ಮುಚ್ಚುವುದಿಲ್ಲ. ಬೆಳಿಗ್ಗೆ ಎದುರುಮನೆ ಅಜ್ಜಿ, ನಾನು ಬಾಯಿ ಬಿಡುವ ಮೊದಲೇ, "ಇಲ್ಲೇ ಬಿಟ್ಟಿಕ್ಕಿ ಹೋಗು" ಅಂದಿದ್ದರು.

ಜಗಲಿಯ ಮೇಲೆ ದೊಡ್ಡವಳು ಪುಸ್ತಕ ಹಿಡಿದು ಕೂತಿದ್ದಳು. ಸಣ್ಣವ ಕಂಬಕ್ಕೆ ಒರಗಿ, ಬಾಯಿ ಬಿಗಿಹಿಡಿದು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ. "ಮಧ್ಯಾಹ್ನದಿಂದ ಬಾಯೇ ತೆಗದ್ದಿಲ್ಲೆ ನಿನ್ನ ಮಗ, ಎಂತ ಕೇಳಿದ್ರೂ ಇಲ್ಲೆ" ಅಂದರು ಅಜ್ಜಿ. ನಾನು ಒದ್ದೆ ಸೆರಗು ಹಿಂಡುತ್ತಿದ್ದಂತೆ ಅವನು ಹತ್ತಿರ ಬಂದು ಕೈ ಮುಂದೆ ಮಾಡಿದ. ಮುಷ್ಟಿಯಲ್ಲಿ ಕಡ್ಡಿಪೆಟ್ಟಿಗೆ. ತೆರೆದರೆ ಹತ್ತಿಯ ಮೇಲೆ ಒಂದು ಹಲ್ಲು. ಅಕ್ಕಿಕಾಳಿಗಿಂತ ತುಸು ದೊಡ್ಡದು, ಬುಡದಲ್ಲಿ ಸೂಜಿಮೊನೆಯಷ್ಟು ಕೆಂಪು. ಆಗ ಬಾಯಿ ತೆರೆದ. ಕೆಳಗಿನ ಸಾಲಿನ ನಡುವೆ ಸಣ್ಣದೊಂದು ಕಿಂಡಿ, ಕಿಂಡಿಯಲ್ಲಿ ನಾಲಗೆಯ ತುದಿ.

"ನೀ ಬರೂವರೆಗೂ ಯಾರಿಗೂ ಹೇಳಿದ್ದಿಲ್ಲೆ ಆಯಿ."

ಊಟದ ಹೊತ್ತಿಗೆ ಬಿದ್ದ ಹಲ್ಲು. ಐದು ತಾಸು ಆ ಹುಡುಗ ಸುದ್ದಿಯನ್ನು ಬಾಯಲ್ಲಿ ಕಟ್ಟಿಟ್ಟುಕೊಂಡು ಕೂತಿದ್ದ. ಅಕ್ಕನಿಗೆ ಗೊತ್ತಾಗಿತ್ತಂತೆ. ಅವಳಿಂದಲೂ ಆಣೆ ಹಾಕಿಸಿಕೊಂಡಿದ್ದ.

ಹಾಲುಹಲ್ಲನ್ನು ಸಗಣಿಯ ಉಂಡೆಯೊಳಗೆ ಇಟ್ಟು ಮಾಡಿನ ಮೇಲೆ ಎಸೆಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಜ್ಜಿಯ ಕೊಟ್ಟಿಗೆಯಲ್ಲಿ ಸಗಣಿಗೇನು ಬರ. ಲಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ನಡುವೆ ಹಲ್ಲು ಒತ್ತಿ, ಮುಚ್ಚಿ ಅವನ ಕೈಗಿತ್ತೆ. ಅಂಗಳದಲ್ಲಿ ಅಕ್ಕ ತನ್ನ ಶಾಲೆಯ ಛತ್ರಿ ಹಿಡಿದು ಅವನ ಪಕ್ಕ ನಿಂತಳು. ಮೊದಲ ಸಲ ಎಸೆದದ್ದು ಒದ್ದೆ ಹಂಚಿನ ಮೇಲೆ ಜಾರಿ ಜಾರಿ ಸೂರಂಚಿನಿಂದ ಪುನಃ ಅವನ ಕಾಲಬುಡಕ್ಕೇ ಬಂದು ಬಿತ್ತು. ಅವನ ಮುಖ ಸಣ್ಣದಾಯಿತು. "ಮಳೆಗೆ ಜಾರಿ ಹೋದ್ರೆ ಹಲ್ಲು ಹುಟ್ಟದಿಲ್ಯನ?" ಎರಡನೇ ಸಲ ಅಕ್ಕ ಅವನನ್ನು ಸೊಂಟ ಹಿಡಿದು ಎತ್ತಿದಳು. ಉಂಡೆ ಎರಡು ಹಂಚಿನ ಸಂದಿಯಲ್ಲಿ ಸಿಕ್ಕಿ ನಿಂತಿತು. ಮೂವರೂ ಕೂಗಿದೆವು. ಜಗಲಿಯಲ್ಲಿ ಅಜ್ಜಿ ಚಪ್ಪಾಳೆ ತಟ್ಟಿದರು.

ರಾತ್ರಿ ಒಂಬತ್ತಕ್ಕೆ ಮಕ್ಕಳು ಮಲಗಿದರು. ಬಚ್ಚಲ ಒಲೆಯ ಬೂದಿ ಮುಚ್ಚಿ, ನಾಳೆಯ ದೋಸೆ ಹಿಟ್ಟಿಗೆ ಮುಚ್ಚಳ ಇಟ್ಟು, ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ಮೈಯಲ್ಲಿ ಸಂತೋಷವಿತ್ತು. ಐದು ತಾಸು ಕಾದು ಕೊಟ್ಟ ಸುದ್ದಿ ಅದು. ಅದನ್ನು ಯಾರಿಗಾದರೂ ಹೇಳಬೇಕಿತ್ತು. ನನ್ನ ಅಕ್ಕನಿಗೆ ಫೋನು ಮಾಡೋಣವೆಂದರೆ ಗಾಳಿಮಳೆಗೆ ನೆಟ್‌ವರ್ಕು ಹೋಗಿತ್ತು. ಇದ್ದಿದ್ದರೂ ಅವಳು ಏನೆಂದಾಳು? "ಹೌದನೇ, ಒಳ್ಳೇದಾತು" ಅಂದು ತನ್ನ ಮನೆಯ ಮಾತಿಗೆ ಹೊರಳುತ್ತಾಳೆ, ತಪ್ಪಲ್ಲ. ಆರು ವರ್ಷದ ಹುಡುಗನ ಹಲ್ಲು ಬೀಳುವುದು ಲೋಕಕ್ಕೆ ಸುದ್ದಿಯಲ್ಲ. ಇಡೀ ಭೂಮಿಯಲ್ಲಿ ಇಬ್ಬರಿಗೆ ಮಾತ್ರ ಅದು ಸುದ್ದಿ. ಅವರಲ್ಲಿ ಒಬ್ಬಳು ನಾನು. ಇನ್ನೊಬ್ಬರ ಜಾಗ ಖಾಲಿ.

ಮಕ್ಕಳನ್ನು ಒಬ್ಬಳೇ ಸಾಕುತ್ತೇನೆ ಎಂದು ತಿಳಿದವರು ಮೊದಲು ಕೇಳುವುದು "ಕಷ್ಟ ಆಗೂದಿಲ್ಲವಾ?" ಎಂದು. ಅವರ ಮನಸ್ಸಿನಲ್ಲಿರುವುದು ನೀರು ಸೇದುವುದು, ಗ್ಯಾಸು ಸಿಲಿಂಡರು, ಶಾಲೆ ಫೀಜು, ನಡುರಾತ್ರಿಯ ಜ್ವರ. ಆ ಕಷ್ಟ ನಿಜವೇ. ಆದರೆ ಅದರಲ್ಲಿ ಬಹಳಷ್ಟಕ್ಕೆ ಕೈ ಸಿಗುತ್ತದೆ. ಸಣ್ಣವನಿಗೆ ಮೂರು ತುಂಬಿದಾಗಿನಿಂದ ಹೋದ ವರ್ಷದವರೆಗೆ ಅವನನ್ನು ಹಗಲು ಹೊತ್ತು ನೋಡಿಕೊಂಡವರು ಅಂಗನವಾಡಿಯ ಅಕ್ಕೋರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಐವತ್ತು ವರ್ಷದಲ್ಲಿ ನನ್ನಂಥ ಎಷ್ಟು ತಾಯಂದಿರು ಆ ಬಾಗಿಲಲ್ಲಿ ಮಗುವಿನ ಕೈ ಬಿಡಿಸಿಕೊಂಡು, ಹಿಂದೆ ತಿರುಗಿ ನೋಡದೆ ಕೆಲಸಕ್ಕೆ ಓಡಿದ್ದಾರೋ. ಈಗ ಸರ್ಕಾರಿ ಶಾಲೆಯ ಹಾಲು, ಬಿಸಿಯೂಟ, ಮೊಟ್ಟೆ. 2023ರ ಜೂನ್ 11ರಿಂದ ಹೆಂಗಸರು ಸರ್ಕಾರಿ ಬಸ್ಸಿಗೆ ದುಡ್ಡು ಕೊಡುವುದು ತಪ್ಪಿತು. ಅದೇ ಆಗಸ್ಟ್ ಕೊನೆಗೆ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ನಮ್ಮ ಮನೆಗೆ ಮೊದಲು ಬಂದದ್ದು ಎರಡು ಜೊತೆ ಮಳೆಗಾಲದ ಚಪ್ಪಲಿ. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಎಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿದೆ. ಹಾಗಾಗಿ ಕಾಗದದ ಮೇಲೆ ನಾನು ಯಜಮಾನಿಯೂ ಹೌದು. ಇದ್ಯಾವುದನ್ನೂ ನಾನು ಸಣ್ಣದೆಂದು ಎಣಿಸುವುದಿಲ್ಲ. ಇವಿಲ್ಲದ ಕಾಲದಲ್ಲಿ ಮಕ್ಕಳನ್ನು ಸಾಕಿದವರ ಬದುಕು ನೆನೆದರೆ ಎದೆ ಝಲ್ಲೆನ್ನುತ್ತದೆ.

ಅಂಥವರಲ್ಲಿ ಒಬ್ಬಾಕೆಯನ್ನು ಆಗಾಗ ನೆನೆಯುತ್ತೇನೆ. ನಮ್ಮದೇ ಜಿಲ್ಲೆಯ ಅಂಕೋಲೆ ಕಡೆಯ ಹೊನ್ನಳ್ಳಿಯ ತುಳಸಿ ಗೌಡರ ತಾಯಿ. ತುಳಸಿಯವರಿಗೆ ಎರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಸಸಿಮಡಿಯಲ್ಲಿ ದಿನಗೂಲಿ ಮಾಡುತ್ತಿದ್ದರು, ಮಗಳೂ ಅಲ್ಲಿಗೇ ಜೊತೆಯಾದಳು. ಆ ಮಗಳು ಮುಂದೆ ಸಾವಿರಾರು ಗಿಡ ಬೆಳೆಸಿ, ಬೀಜ ನೋಡಿಯೇ ಮರದ ಜಾತಕ ಹೇಳುವವರಾದರು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ನಡೆದುಹೋಗಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತೆಗೆದುಕೊಂಡರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀಯ ಪಟ ಎಲ್ಲರೂ ನೋಡಿದ್ದೇವೆ. ಆ ತಾಯಿ ನನಗೆ ಕಾಣುವುದು ಬೇರೆ ಥರ. ದಿನವಿಡೀ ಮಣ್ಣು ತುಂಬಿ ಮನೆಗೆ ಬಂದು, ಮಗಳು ನೆಟ್ಟ ಮೊದಲ ಬೀಜ ಇವತ್ತು ಮೊಳಕೆ ಒಡೆಯಿತು ಎಂಬ ಸುದ್ದಿಯನ್ನು ಅವರು ಯಾರಿಗೆ ಹೇಳಿಕೊಂಡಿರಬಹುದು?

ಹೋದ ಬೇಸಗೆಯಲ್ಲಿ ಹತ್ತಿರದ ಊರಿಗೆ ಯಕ್ಷಗಾನದ ಆಟ ನೋಡಲು ಹೋಗಿದ್ದೆವು. ಪ್ರಸಂಗ ಬಬ್ರುವಾಹನ ಕಾಳಗ. ದೊಡ್ಡವಳು ಕಣ್ಣು ಮುಚ್ಚದೆ ನೋಡಿದಳು, ಸಣ್ಣವ ನನ್ನ ತೊಡೆಯ ಮೇಲೆ ಅರೆನಿದ್ದೆಯಲ್ಲಿ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ, ಬಬ್ರುವಾಹನ ಕಟ್ಟುತ್ತಾನೆ. ಬಂದವನು ನಿನ್ನ ತಂದೆ ಎಂದು ಚಿತ್ರಾಂಗದೆ ಹೇಳಿದ ಮೇಲೆ ಕಪ್ಪಕಾಣಿಕೆ ಹೊತ್ತು ಹೋಗಿ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದ್ದು, ಹುಟ್ಟನ್ನೇ ಹಳಿಯುತ್ತಾನೆ. ಚಂಡೆಯ ಸದ್ದಿಗೆ ಎಚ್ಚರವಾದ ಸಣ್ಣವ ಕೇಳಿದ: "ಅಪ್ಪ ಆದ್ರೆ ಗುರ್ತ ಸಿಕ್ತಿಲ್ಯನ?"

ಆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ, ಈಗ ಇದೆ. ಗುರುತು ಸಿಗುವುದಿಲ್ಲ ಮಗಾ. ರಕ್ತಕ್ಕೆ ಗುರುತು ಹಿಡಿಯಲು ಬರುವುದಿಲ್ಲ, ಕಣ್ಣಿಗೆ ಬರುತ್ತದೆ. ಅರ್ಜುನ ಕಂಡದ್ದು ಕವಚ ತೊಟ್ಟ ಒಬ್ಬ ಯುವಕನನ್ನು. ಆ ಯುವಕ ಮೊದಲ ಸಲ ಗೋಡೆ ಹಿಡಿದು ನಿಂತದ್ದು, ಬಿಲ್ಲು ಎತ್ತಲಾರದೆ ಅತ್ತದ್ದು, ಹಲ್ಲು ಬಿದ್ದಾಗ ಕಿಂಡಿಯಲ್ಲಿ ನಾಲಗೆ ತೂರಿಸಿದ್ದು ಅವನು ಕಂಡಿಲ್ಲ. ಅಷ್ಟನ್ನೂ ಕಂಡವಳು ಚಿತ್ರಾಂಗದೆ ಒಬ್ಬಳೇ. ಮಗನ ಇಡೀ ಬಾಲ್ಯ ಅವಳೊಬ್ಬಳ ನೆನಪಿನಲ್ಲಿತ್ತು. ಅವಳು ಮರೆತರೆ ಅದು ಎಲ್ಲೂ ಇಲ್ಲ.

ಒಬ್ಬಳೇ ಸಾಕುವುದರಲ್ಲಿ ನನಗೆ ಎಲ್ಲಕ್ಕಿಂತ ಭಾರವೆನಿಸುವುದು ಇದು. ಕೆಲಸ ಇಬ್ಬರದ್ದನ್ನು ಒಬ್ಬಳು ಮಾಡಬಹುದು, ಮೈ ಒಗ್ಗುತ್ತದೆ. ನೆನಪು ಇಬ್ಬರದ್ದನ್ನು ಒಬ್ಬಳು ಹೊರುವುದು ಕಷ್ಟ. ಇಬ್ಬರಿದ್ದ ಮನೆಯಲ್ಲಿ ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ: "ಅವಳಿಗೆ ದಡಾರ ಎದ್ದದ್ದು ಜಾತ್ರೆ ವರ್ಷ ಅಲ್ದಾ?" "ಅಲ್ಲ, ಅದರ ಹಿಂದಿನ ವರ್ಷ." ಹಾಗೆ ಜಗಳಾಡುತ್ತಲೇ ಮಗುವಿನ ಬಾಲ್ಯ ಗಟ್ಟಿಯಾಗುತ್ತದೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2019ರಲ್ಲಿ ಹೊರಡಿಸಿದ ವರದಿಯಲ್ಲಿ ಭಾರತದ ಮನೆಗಳಲ್ಲಿ ನೂರಕ್ಕೆ ನಾಲ್ಕೂವರೆಯಷ್ಟನ್ನು, ಅಂದರೆ ಸುಮಾರು 1 ಕೋಟಿ 30 ಲಕ್ಷ ಮನೆಗಳನ್ನು ನಡೆಸುತ್ತಿರುವವರು ಒಂಟಿ ತಾಯಂದಿರು ಎಂದಿತ್ತು. ರಾತ್ರಿ ಒಂಬತ್ತಕ್ಕೆ ಅಷ್ಟು ಹೊಸ್ತಿಲುಗಳಲ್ಲಿ ಅಷ್ಟು ಹೆಂಗಸರು, ಒಬ್ಬೊಬ್ಬರ ಮಡಿಲಲ್ಲೂ ಹೇಳದೆ ಉಳಿದ ಒಂದೊಂದು ಸಣ್ಣ ಸುದ್ದಿ.

ಒಂದು ಮಾತು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ದೊಡ್ಡವಳ ಮೊದಲ ಹಲ್ಲು ಬಿದ್ದದ್ದು ನಾಲ್ಕು ವರ್ಷದ ಹಿಂದೆ. ಆಗ ನಮ್ಮ ಮನೆಯಲ್ಲಿ ದೊಡ್ಡವರು ಇಬ್ಬರಿದ್ದೆವು. ಅವಳು ಅಪ್ಪನ ಹತ್ತಿರ ಓಡಿ ಹೋಗಿ ಅಂಗೈ ತೆರೆದು ತೋರಿಸಿದಾಗ ಅವರು ಮೊಬೈಲಿನಿಂದ ತಲೆ ಎತ್ತದೆ "ಹ್ಞಾಂ" ಅಂದರು. ಅವಳು ಇನ್ನೂ ಸ್ವಲ್ಪ ಹೊತ್ತು ಅಂಗೈ ತೆರೆದುಕೊಂಡೇ ನಿಂತಿದ್ದಳು. ಆ ಅಂಗೈ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಅಂದರೆ ಆ ಜಾಗ ಮನುಷ್ಯ ಇದ್ದಾಗಲೂ ಖಾಲಿಯೇ ಇತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ ಸಾಕು ಎಂದಲ್ಲ, ತಲೆ ಎತ್ತಿ ನೋಡುವವರು ಬೇಕು. ಇದನ್ನು ಒಪ್ಪಿಕೊಂಡ ಮೇಲೆ ಹೊಸ್ತಿಲ ಮೇಲಿನ ನನ್ನ ದುಃಖ ಅರ್ಧಕ್ಕೆ ಇಳಿಯಿತು.

ಕಾಗದಪತ್ರಗಳಿಗೆ ಮಾತ್ರ ಈ ವ್ಯತ್ಯಾಸ ತಿಳಿಯುವುದು ತಡ. ಅರ್ಜಿಯೊಂದನ್ನು ಕೊಡಲು ಹೋದಲ್ಲಿ ತಾಯಿಯ ಸಹಿ ಸಾಲದು, ತಂದೆಯದೇ ಬೇಕು ಎಂದು ಒಮ್ಮೆ ನನ್ನನ್ನು ವಾಪಸು ಕಳಿಸಿದ್ದರು. ಮಗನ ಹೆಸರಿನ ಬಾಂಡಿಗೆ ತಾಯಿಯ ಸಹಿಯನ್ನು ಒಪ್ಪದ ಕಾರಣಕ್ಕೆ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ತಂದೆ ಬದುಕಿದ್ದರೂ, ಮಗುವಿನ ಹೊಣೆ ಹೊರದೆ ದೂರವಿದ್ದಾಗ ತಾಯಿಯೇ ಸಹಜ ಪೋಷಕಿ ಎಂದು 1999ರಲ್ಲಿ ತೀರ್ಪು ಬಂತು. 2015ರಲ್ಲಿ ಅದೇ ಕೋರ್ಟು, ಮದುವೆಯಾಗದ ತಾಯಿ ತಂದೆಗೆ ನೋಟಿಸು ಕೊಡಿಸದೆಯೇ ಮಗುವಿನ ಪೋಷಕಿಯಾಗಬಹುದು ಎಂದಿತು. ಇದೇನೂ ಹೊಸ ನ್ಯಾಯವಲ್ಲ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಗುರುವಿನ ಹತ್ತಿರ ಹೋಗುವಾಗ ತಾಯಿ ಜಬಾಲೆ ಅವನಿಗೆ ಕಟ್ಟಿಕೊಟ್ಟದ್ದು ತನ್ನ ಹೆಸರನ್ನೇ. ಮಗ ಜಾಬಾಲನಾದ. ಗೌತಮ ಋಷಿ ಬೇರೆ ಸಹಿ ಕೇಳಲಿಲ್ಲ. ಮಗುವನ್ನು ದಿನವೂ ಕಂಡವರ ಹೆಸರಿಗೆ ಸತ್ಯದ ತೂಕವಿದೆ ಎಂದು ಅವರಿಗೆ ಗೊತ್ತಿತ್ತು.

ಹಲ್ಲು ಬಿದ್ದ ವಾರದ ಭಾನುವಾರ ಮೂವರೂ ಶಿರಸಿಗೆ ಹೊರಟೆವು. ನನಗೆ, ದೊಡ್ಡವಳಿಗೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟರು. ಸಣ್ಣವನ ಕಡೆ ನೋಡಿ "ಇವನಿಗೆ ಎಷ್ಟು ವರ್ಷ?" ಅಂದರು. ನಾನು ಹೇಳುವ ಮೊದಲೇ ಅವನು ಸೀಟಿನ ಮೇಲೆ ಹತ್ತಿ ನಿಂತು ಬಾಯಿ ಅಗಲಿಸಿದ. ಕಂಡಕ್ಟರು ಬಗ್ಗಿ, ಕಿಂಡಿಯನ್ನು ಡಾಕ್ಟರ ಹಾಗೆ ನೋಡಿ, "ಹಲ್ಲು ಬಿತ್ತಾ? ಹಂಗಾರೆ ಅರ್ಧ ಟಿಕೇಟೇ ಸೈ" ಎಂದರು. ನಮ್ಮ ಮನೆಯಲ್ಲಿ ಬಸ್ಸಿಗೆ ದುಡ್ಡು ಕೊಡುವವನು ಅವನೊಬ್ಬನೇ. ನನ್ನ ಕೈಯಿಂದ ನಾಣ್ಯ ಇಸಿದುಕೊಂಡು ತಾನೇ ಕೊಟ್ಟ. ಹಿಂದಿನ ಸೀಟಿನ ಹೆಂಗಸು "ಎಲ್ಲಿ, ನಂಗೂ ತೋರ್ಸು" ಅಂದಳು. ಅದರಾಚೆ ಕೂತ, ಸಂಚಿಯಿಂದ ಎಲೆ ತೆಗೆಯುತ್ತಿದ್ದ ಮುದುಕರೊಬ್ಬರು ತಮ್ಮ ಬೋಳು ವಸಡು ತೋರಿಸಿ "ನಂದು ನೋಡು" ಅಂದರು. ಇಸಳೂರು ದಾಟುವುದರೊಳಗೆ ಅರ್ಧ ಬಸ್ಸಿಗೆ ಸುದ್ದಿ ಗೊತ್ತಾಗಿತ್ತು. ಶಿರಸಿಯಲ್ಲಿ ಇಳಿಯುವಾಗ ಅವನು ಆ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಕಡ್ಡಿಪೆಟ್ಟಿಗೆಯಲ್ಲಿ ಇಟ್ಟುಕೊಂಡ, ಹಲ್ಲು ಇದ್ದ ಜಾಗದಲ್ಲಿ.

ನಾನು ಒಂದು ರಾತ್ರಿಯೆಲ್ಲ ಯಾರಿಗೆ ಹೇಳಲಿ ಎಂದು ಕೂತಿದ್ದೆ. ಅವನು ಒಂದೇ ಬಸ್ಸಿನಲ್ಲಿ ಇಪ್ಪತ್ತು ಜನರಿಗೆ ಹೇಳಿ ಮುಗಿಸಿದ. ಅದರಿಂದ ನನ್ನ ಹೊಸ್ತಿಲು ತುಂಬಲಿಲ್ಲ, ನಿಜ. ಆದರೆ ಕಂಡಕ್ಟರು ಬಗ್ಗಿ ನೋಡಿದ ಆ ಗಳಿಗೆ ನನಗೆ ಸಮಾಧಾನ ಕೊಟ್ಟಿತು. ಅವರಿಗೆ ಅದು ಅಗತ್ಯವಿರಲಿಲ್ಲ. ಬಸ್ಸು ತುಂಬಿತ್ತು, ಇನ್ನೂ ಟಿಕೆಟು ಕೊಡುವುದಿತ್ತು. ಆದರೂ ಬಗ್ಗಿದರು. ಹೀಗೆ ಬಗ್ಗಿ ನೋಡುವವರು ಊರಲ್ಲಿ ಇದ್ದಾರೆ ಎಂಬ ಧೈರ್ಯದ ಮೇಲೆಯೇ ನಾನು ಬೆಳಿಗ್ಗೆ ಬಸ್ಸು ಹತ್ತುವುದು.

ಒಂದು ವಿಷಯದಲ್ಲಿ ಮಾತ್ರ ಮೊದಲಿನಿಂದ ಕಟ್ಟುನಿಟ್ಟಾಗಿದ್ದೇನೆ. ದೊಡ್ಡವಳಿಗೆ ಈಗ ಹತ್ತು. ತಮ್ಮನಿಗೆ ತಲೆ ಬಾಚುತ್ತಾಳೆ, ಮೊಸರನ್ನ ಕಲಸಿ ಕೊಡುತ್ತಾಳೆ, ಮಳೆ ಬಂದರೆ ಹಗ್ಗದ ಮೇಲಿನ ಬಟ್ಟೆ ಎಳೆಯುತ್ತಾಳೆ. ಅಷ್ಟು ಸಾಕು. ನನ್ನ ರಾತ್ರಿಯ ಮಾತು ಅವಳ ಕಿವಿಗೆ ಹಾಕಬಾರದು. ಅಂಗಡಿಯಲ್ಲಿ ಏನಾಯಿತು, ಯಾರು ಏನಂದರು, ತಿಂಗಳ ಕೊನೆಗೆ ಎಷ್ಟು ಉಳಿಯಿತು, ಯಾವುದೂ ಬೇಡ. ಒಬ್ಬಳೇ ಇರುವ ತಾಯಿಗೆ ಹಿರಿಮಗಳನ್ನು ಗೆಳತಿ ಮಾಡಿಕೊಳ್ಳುವುದು ಬಹಳ ಸುಲಭ. ಮಗುವಿಗೆ ಅದರಿಂದ ಹೆಮ್ಮೆಯೂ ಆಗುತ್ತದೆ. ಆದರೆ ಆ ಹೆಮ್ಮೆಯ ಅಡಿಯಲ್ಲಿ ಅದರ ಬಾಲ್ಯ ಸದ್ದಿಲ್ಲದೆ ಕರಗುತ್ತದೆ. ಹಾಗಾಗಿ ನಾನು ಹೇಳಬೇಕಾದ್ದನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಹೇಳುತ್ತೇನೆ. ಹಾಲಿನ ಲೆಕ್ಕ ಬರೆಯುವ ಚೌಕಗಳು ಅವು. ಅರ್ಧ ಲೀಟರು, ಒಂದು ಲೀಟರು, ಇಲ್ಲ. ಅದರ ಕೆಳಗೆ ಉಳಿದ ಬೆರಳಗಲ ಜಾಗದಲ್ಲಿ ಒಂದು ಸಾಲು: 'ಮಗಳು ಮಗ್ಗಿ 16 ತಪ್ಪಿಲ್ಲದೆ.' 'ತಮ್ಮ ಅಂಗಿ ಗುಂಡಿ ತಾನೇ ಹಾಕಿಕೊಂಡ.' ಹಗಲು ಊರವರ ಅಡಿಕೆಯ ಲೆಕ್ಕ ಬರೆಯುವ ಕೈ, ರಾತ್ರಿ ತನ್ನ ಮನೆಯ ಲೆಕ್ಕ ಬರೆಯುತ್ತದೆ. ನಾಳೆ ಇವರು ದೊಡ್ಡವರಾಗಿ "ನಾ ಹ್ಯಾಂಗಿದ್ದೆ ಆಯಿ?" ಎಂದು ಕೇಳಿದಾಗ ನನ್ನ ನೆನಪೊಂದನ್ನೇ ನೆಚ್ಚಿಕೊಳ್ಳಬಾರದು.

ಆ ತಿಂಗಳ ಕೊನೆಯ ರಾತ್ರಿ ಹಾಲಿನ ಲೆಕ್ಕ ಕೂಡಿಸಲು ಕ್ಯಾಲೆಂಡರು ಇಳಿಸಿದೆ. ಬೆರಳಿಟ್ಟು ಒಂದೊಂದೇ ಚೌಕ ದಾಟುತ್ತ ರೆಡ್ ಅಲರ್ಟಿನ ದಿನಕ್ಕೆ ಬಂದೆ. ಅರ್ಧ ಲೀಟರು. ಕೆಳಗೆ ನನ್ನ ನೀಲಿ ಪೆನ್ನಿನಲ್ಲಿ 'ತಮ್ಮನ ಹಲ್ಲು ಬಿತ್ತು.' ಅದರ ಕೆಳಗೆ, ಚೌಕದ ಗೆರೆಗೆ ತಾಗಿಕೊಂಡು, ಪೆನ್ಸಿಲಿನಲ್ಲಿ ಇನ್ನೊಂದು ಸಾಲು. ಒತ್ತಿ ಬರೆದ ದುಂಡನೆಯ ಅಕ್ಷರ.

'ಆಯಿಯ ಛತ್ರಿ ಕಡ್ಡಿ ಮುರಿಯಿತು.'

ಆ ಸಂಜೆ ಛತ್ರಿಯ ಮಾತು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದವಳು ತಲೆ ಎತ್ತಿದ್ದಳು. ಮರುದಿನದ ಚೌಕ ನೋಡಿದೆ. ಅಲ್ಲಿಯೂ ಹಾಲಿನ ಲೆಕ್ಕದ ಕೆಳಗೆ, ಇನ್ನೂ ಸಣ್ಣದಾಗಿ:

'ಇವತ್ತೂ ಅದೇ ಛತ್ರಿ.'